ಹಗಲಿಗೂ ಬೇಕು ಬೈಕಿನ ದೀಪ



ಹಾಲಾಡಿ ರಸ್ತೆಯಲ್ಲೋ ಕೊಲ್ಲೂರು ರಸ್ತೆಯಲ್ಲೋ ಮಟಮಟ ಮಧ್ಯಾಹ್ನ ಬೈಕಿನಲ್ಲಿ ಹೋಗುವವರಿಗೆ ಈ ಅನುಭವ ಆಗಿಯೇ ಇರುತ್ತದೆ. ಎದುರಿನಿಂದ ಬರುವವರೊಬ್ಬರು ಒಂದು ಕೈ ಮೇಲೆತ್ತಿ, ಬೆರಳುಗಳನ್ನು ಮುಚ್ಚಿ ತೆರೆದು ಸನ್ನೆ ಮಾಡುತ್ತಾರೆ. ಬಸ್ಸಿಗೆ ಕಾಯುತ್ತ ನಿಂತ ಹಿರಿಯರೊಬ್ಬರು, "ಹ್ವಾಯ್, ಲೈಟ್ ಉರೀತಾ ಇತ್ತ್ ಕಾಣಿ!" ಎಂದು ಕೂಗಿ ಹೇಳುತ್ತಾರೆ. ಗುರುತು ಪರಿಚಯ ಇಲ್ಲದವರ ಬ್ಯಾಟರಿ ಸುಮ್ಮನೆ ಖಾಲಿಯಾಗದಿರಲಿ ಎಂಬ ಕಾಳಜಿ ಅದು. ಇಂಥ ಕಾಳಜಿ ನಮ್ಮ ಕಡೆಯ ಜನರ ದೊಡ್ಡ ಗುಣ. ಆ ಗುಣಕ್ಕೆ ಗೌರವ ಕೊಟ್ಟುಕೊಂಡೇ ಇವತ್ತು ಒಂದು ವಿಷಯ ಹೇಳಬೇಕಾಗಿದೆ. ಹಗಲಲ್ಲಿ ಉರಿಯುವ ಆ ದೀಪ ಯಾರೋ ಆರಿಸಲು ಮರೆತದ್ದಲ್ಲ. ಉರಿಯುತ್ತಲೇ ಇರಬೇಕು ಎಂದು ಕಾನೂನು ಹೇಳಿದ ದೀಪ ಅದು. ಯಾಕೆ ಹಾಗೆ ಹೇಳಿತು, ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ನಮ್ಮ ರಸ್ತೆಗಳಿಗೆ ಅದು ಎಷ್ಟು ಅಗತ್ಯ ಎಂಬುದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮೊದಲು ನಿಯಮ ಏನೆಂದು ನೋಡೋಣ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಪ್ರತಿಯೊಂದು ದ್ವಿಚಕ್ರ ವಾಹನದ ಮುಂದಿನ ದೀಪ, ಇಂಜಿನ್ ಚಾಲೂ ಆದ ಕೂಡಲೇ ತಾನಾಗಿಯೇ ಹೊತ್ತಿಕೊಳ್ಳಬೇಕು. ಇಂಜಿನ್ ನಿಲ್ಲುವವರೆಗೂ ಅದು ಆರಬಾರದು. ಇದಕ್ಕೆ ಆಟೊಮ್ಯಾಟಿಕ್ ಹೆಡ್‌ಲ್ಯಾಂಪ್ ಆನ್ ಎಂದು ಹೆಸರು. ಶೋರೂಂಗಳಲ್ಲಿ, ಗ್ಯಾರೇಜುಗಳಲ್ಲಿ ಎ.ಎಚ್.ಒ. ಎನ್ನುತ್ತಾರೆ. ಕೆಲವು ಬೈಕುಗಳಲ್ಲಿ ದೊಡ್ಡ ದೀಪದ ಬದಲು ಹಗಲಿಗೆಂದೇ ಮಾಡಿದ ಚಿಕ್ಕ ಎಲ್‌ಇಡಿ ದೀಪ ಉರಿಯುತ್ತದೆ. ಅದು ಡೇಟೈಮ್ ರನ್ನಿಂಗ್ ಲ್ಯಾಂಪ್, ಅಂದರೆ ಡಿ.ಆರ್.ಎಲ್. ನಿಮ್ಮ ಬೈಕು ಈ ನಿಯಮದ ನಂತರ ತಯಾರಾದದ್ದಾದರೆ ಬಲಗೈ ಹಿಡಿಯ ಹತ್ತಿರ ಒಮ್ಮೆ ನೋಡಿ. ಹಳೆಯ ಬೈಕುಗಳಲ್ಲಿ ದೀಪ ಹೊತ್ತಿಸಿ ಆರಿಸುವ ಸ್ವಿಚ್ ಇದ್ದದ್ದು ಅಲ್ಲೇ. ಈಗ ಅದು ಇರುವುದಿಲ್ಲ. ಡಿಮ್ ಮತ್ತು ಬ್ರೈಟ್ ಮಾಡುವ ಸ್ವಿಚ್ ಮಾತ್ರ ಎಡಗೈ ಕಡೆ ಉಳಿದಿದೆ. ಆರಿಸುವ ಆಯ್ಕೆಯನ್ನೇ ತೆಗೆದುಹಾಕಿದ್ದಾರೆ.

ಈ ನಿಯಮದ ಹಿಂದೆ ಒಂದು ಆಸ್ಪತ್ರೆಯ ಕಥೆ ಇದೆ. ಕೊಯಮತ್ತೂರಿನ ಮೂಳೆ ತಜ್ಞರಾದ ಡಾ. ಎಸ್. ರಾಜಶೇಖರನ್ ಅವರು ರಸ್ತೆ ಅಪಘಾತಗಳಿಗೆ ಕಡಿವಾಣ ಹಾಕಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋದರು. ಮುರಿದ ಎಲುಬುಗಳನ್ನು ಜೋಡಿಸುವುದು ಅವರ ವೃತ್ತಿ. ಎಲುಬು ಮುರಿಯದ ಹಾಗೆ ನೋಡಿಕೊಳ್ಳುವುದೂ ದೇಶದ ಕೆಲಸ ಎಂದು ಅವರು ನ್ಯಾಯಾಲಯದ ಮುಂದೆ ನಿಂತರು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿಯನ್ನು ನೇಮಿಸಿತು. ಆ ಸಮಿತಿ ಮಾಡಿದ ಶಿಫಾರಸುಗಳಲ್ಲಿ ದ್ವಿಚಕ್ರ ವಾಹನಗಳ ಹಗಲು ದೀಪವೂ ಒಂದು. ಕೇಂದ್ರ ಸರ್ಕಾರ ಅದನ್ನು ಒಪ್ಪಿ ಮೋಟಾರು ವಾಹನ ನಿಯಮಗಳಿಗೆ ಸೇರಿಸಿತು.

ಈ ಕಾಳಜಿಗೆ ಕಾರಣ ಬೇಕಾದಷ್ಟಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿ ಇದ್ದವರು. ದಿನದ ಲೆಕ್ಕ ಹಾಕಿದರೆ ಇನ್ನೂರಕ್ಕೂ ಹೆಚ್ಚು ಜನ. ಎಲ್ಲರೂ ದೀಪ ಇಲ್ಲದೆ ಸತ್ತರು ಎಂದು ನಾನು ಹೇಳುತ್ತಿಲ್ಲ. ವೇಗ, ಕುಡಿತ, ಹೆಲ್ಮೆಟ್ ಇಲ್ಲದಿರುವುದು, ಹೊಂಡ ಬಿದ್ದ ರಸ್ತೆ, ಎಲ್ಲವೂ ಇದರಲ್ಲಿ ಸೇರಿದೆ. ಆದರೆ ಅಪಘಾತವಾದ ಮೇಲೆ ಕಾರಿನವರು, ಟೆಂಪೋದವರು, ಬಸ್ಸಿನವರು ಮತ್ತೆ ಮತ್ತೆ ಹೇಳುವ ಮಾತೊಂದಿದೆ. "ಬೈಕು ಬಂದದ್ದು ಕಾಣಲೇ ಇಲ್ಲ ಮಾರಾಯ್ರೆ." ಎಷ್ಟೋ ಸಲ ಆ ಮಾತು ಸುಳ್ಳಲ್ಲ. ಅವರಿಗೆ ನಿಜವಾಗಿಯೂ ಕಂಡಿರುವುದಿಲ್ಲ.

ಕಣ್ಣು ತೆರೆದು ನೋಡಿದವರಿಗೂ ಬೈಕು ಕಾಣದೇ ಹೋಗುವುದು ಹೇಗೆ? ಮುಂದಿನಿಂದ ನೋಡಿದರೆ ಲಾರಿ ಎರಡೂವರೆ ಮೀಟರ್ ಅಗಲ, ಕಾರು ಸುಮಾರು ಒಂದೂಮುಕ್ಕಾಲು ಮೀಟರ್. ಬೈಕು ಹ್ಯಾಂಡಲಿನ ತುದಿಯಿಂದ ತುದಿಗೆ ಮುಕ್ಕಾಲು ಮೀಟರ್ ಮಾತ್ರ. ದೂರದಲ್ಲಿರುವಾಗ ಅದು ರಸ್ತೆ ಬದಿಯ ಕಂಬ, ಮರದ ಕಾಂಡ, ಅಂಗಡಿಯ ನೆರಳುಗಳ ನಡುವೆ ಒಂದು ತೆಳು ಗೆರೆಯಾಗಿ ಸೇರಿಹೋಗುತ್ತದೆ. ಎದುರಿಗೆ ಬರುವ ವಸ್ತು ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದನ್ನು ನೋಡಿಯೇ ನಮ್ಮ ಮಿದುಳು ಅದರ ವೇಗವನ್ನು ಅಂದಾಜು ಮಾಡುವುದು. ತೆಳು ಗೆರೆ ಬಹಳ ಹತ್ತಿರ ಬರುವವರೆಗೂ ದೊಡ್ಡದಾದಂತೆ ಅನ್ನಿಸುವುದಿಲ್ಲ. ಹಾಗಾಗಿ ಬೈಕು ಇನ್ನೂ ದೂರ ಇದೆ, ನಿಧಾನ ಇದೆ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಸಾಲದ್ದಕ್ಕೆ ಕಾರಿನ ಮುಂಗಾಜಿನ ಎರಡೂ ಬದಿಯಲ್ಲಿ ಚಾವಣಿಯನ್ನು ಹೊತ್ತ ಕಂಬಗಳಿವೆ. ಆ ಕಂಬದ ಹಿಂದೆ ಒಂದು ಇಡೀ ಬೈಕು, ಸವಾರನ ಸಮೇತ, ಮರೆಯಾಗಬಹುದು.

ಇದು ನಮ್ಮಲ್ಲಿ ಎಲ್ಲಿ ಹೆಚ್ಚು ಅಪಾಯ ತರುತ್ತದೆ ಎಂದರೆ, ಹೆದ್ದಾರಿಯ ಡಿವೈಡರ್ ತೆರೆದಿರುವ ಜಾಗಗಳಲ್ಲಿ. ಹಿಂದೆ 17 ಎಂದು ಕರೆಯುತ್ತಿದ್ದ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಮೂರೂ ತಾಲೂಕುಗಳನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಬ್ರಹ್ಮಾವರ, ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ, ಕುಂದಾಪುರ, ತಲ್ಲೂರು, ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಉಪ್ಪುಂದ, ಬೈಂದೂರು, ಶಿರೂರು. ಈ ಊರುಗಳಲ್ಲಿ ಬಹಳಷ್ಟು ಕಡೆ ಪೇಟೆ ಒಂದು ಬದಿಯಲ್ಲಿ, ಮನೆ ಇನ್ನೊಂದು ಬದಿಯಲ್ಲಿ. ಶಾಲೆಗೆ, ಬ್ಯಾಂಕಿಗೆ, ದೇವಸ್ಥಾನಕ್ಕೆ, ಮೀನು ಮಾರ್ಕೆಟ್ಟಿಗೆ ಹೋಗಬೇಕಾದರೆ ಹೆದ್ದಾರಿಯನ್ನು ದಾಟಲೇಬೇಕು.

ಒಂದು ಕಾರು ಹಾಗೆ ದಾಟಲು ಡಿವೈಡರ್ ನಡುವೆ ಬಂದು ನಿಂತಿದೆ ಎಂದಿಟ್ಟುಕೊಳ್ಳಿ. ಕಾರಿನವರು ಎಡಕ್ಕೆ ಒಮ್ಮೆ ಕತ್ತು ತಿರುಗಿಸಿ ನೋಡುತ್ತಾರೆ. ದೂರದಲ್ಲಿ ಒಂದು ಲಾರಿ ಕಾಣುತ್ತದೆ, ಅದು ಬರಲು ಇನ್ನೂ ಹೊತ್ತಿದೆ. ಲಾರಿಯ ಮುಂದೆ ಒಂದು ಬೈಕು ಬರುತ್ತಿದೆ. ಲಾರಿಯ ದೊಡ್ಡ ಆಕಾರದ ಎದುರು ಬೈಕು ಕರಗಿಹೋಗಿದೆ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ನಿಂತ ಕಾರು ಹೊರಟು ಆ ಎರಡು ಲೇನ್ ದಾಟಲು ನಾಲ್ಕು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಬೈಕು 65 ಮೀಟರಿಗಿಂತ ಹೆಚ್ಚು ದೂರ ಬಂದಿರುತ್ತದೆ. ಬೈಕಿನ ವೇಗ 80 ಆಗಿದ್ದರೆ ಅದೇ ನಾಲ್ಕು ಸೆಕೆಂಡಿನಲ್ಲಿ 90 ಮೀಟರಿನಷ್ಟು ಬಂದಿರುತ್ತದೆ. ಅಂದರೆ ಕಾರಿನವರಿಗೆ ನೂರು ಮೀಟರ್ ಆಚೆಯ ಬೈಕು ಮೊದಲ ನೋಟದಲ್ಲೇ ಕಣ್ಣಿಗೆ ಬೀಳಬೇಕು. ಕತ್ತು ತಿರುಗಿಸುವ ಆ ಒಂದು ಕ್ಷಣದಲ್ಲಿ ಕಣ್ಣನ್ನು ಹಿಡಿದು ನಿಲ್ಲಿಸಬಲ್ಲದ್ದು ಬೆಳಕು ಮಾತ್ರ.

ಆದ್ದರಿಂದ ಒಂದು ವಿಷಯವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ರಾತ್ರಿಯ ದೀಪ ನಮಗೆ ದಾರಿ ಕಾಣಿಸಲಿಕ್ಕೆ. ಹಗಲಿನ ದೀಪ ನಮ್ಮನ್ನು ಬೇರೆಯವರಿಗೆ ಕಾಣಿಸಲಿಕ್ಕೆ. ಗುಡ್ಡೆಗೆ ಮೇಯಲು ಬಿಡುವ ದನದ ಕೊರಳಿಗೆ ಗಂಟೆ ಕಟ್ಟುವುದು ದನ ಕೇಳಲಿ ಎಂದಲ್ಲ, ಅದು ಎಲ್ಲಿದೆ ಎಂದು ನಮಗೆ ತಿಳಿಯಲಿ ಎಂದು. ಬೈಕಿನ ಹಗಲು ದೀಪದ ಕೆಲಸವೂ ಅಷ್ಟೇ. "ಇಷ್ಟು ಬಿಸಿಲಿದೆ, ನನಗೆ ರಸ್ತೆ ಚೆನ್ನಾಗಿ ಕಾಣುತ್ತದೆ, ದೀಪ ಯಾಕೆ?" ಎಂದು ಕೇಳುವವರಿಗೆ ಉತ್ತರ ಇದರಲ್ಲೇ ಇದೆ.

ಈ ತಿಳಿವಳಿಕೆ ಜಗತ್ತಿಗೆ ಒಂದೇ ದಿನದಲ್ಲಿ ಬಂದದ್ದಲ್ಲ. ಚಳಿಗಾಲದಲ್ಲಿ ಹಗಲೇ ಮಬ್ಬಾಗಿರುವ ಉತ್ತರ ಯುರೋಪಿನ ದೇಶಗಳು ಮೊದಲು ಎಚ್ಚೆತ್ತುಕೊಂಡವು. ಫಿನ್‌ಲೆಂಡ್ 1972ರಲ್ಲಿ, ಊರ ಹೊರಗಿನ ರಸ್ತೆಗಳಲ್ಲಿ ಚಳಿಗಾಲದ ಹಗಲಿಗೆ ದೀಪ ಕಡ್ಡಾಯ ಮಾಡಿತು. ಸ್ವೀಡನ್ 1977ರಲ್ಲಿ ವರ್ಷವಿಡೀ ಎಲ್ಲ ವಾಹನಗಳಿಗೂ ಕಡ್ಡಾಯ ಮಾಡಿತು. ಅಮೆರಿಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಒಂದೊಂದಾಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಬೈಕಿಗೂ ಬೇರೆ ವಾಹನಕ್ಕೂ ನಡೆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲಿನಲ್ಲಿ, ಬೈಕಿಗೆ ದಾರಿ ಬಿಡಬೇಕಾಗಿದ್ದ ಇನ್ನೊಂದು ವಾಹನ ಅಡ್ಡ ಬಂದಿತ್ತು. ಬೈಕನ್ನು ಗಮನಿಸದೇ ಇದ್ದದ್ದೇ ಅದಕ್ಕೆ ಮುಖ್ಯ ಕಾರಣ. ಹಗಲಲ್ಲೂ ದೀಪ ಉರಿಸುವವರು, ಹಳದಿ, ಕಿತ್ತಳೆ, ಕೆಂಪಿನಂಥ ಎದ್ದು ಕಾಣುವ ಬಣ್ಣದ ಜಾಕೆಟ್ ತೊಡುವವರು ಅಪಘಾತಕ್ಕೆ ಸಿಲುಕುವುದು ಕಡಿಮೆ ಎಂಬುದನ್ನೂ ಆ ವರದಿ ಹೇಳಿತು.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ಮಲೇಷ್ಯಾ. ಅಲ್ಲಿಯೂ ನಮ್ಮ ಹಾಗೆ ಸುರಿಯುವ ಮಳೆ, ಸುಡುವ ಬಿಸಿಲು, ರಸ್ತೆ ತುಂಬ ಸಣ್ಣ ಇಂಜಿನ್ನಿನ ಬೈಕುಗಳು. 1992ರಲ್ಲಿ ಆ ದೇಶ ಮೊದಲು ಪ್ರಚಾರ ಮಾಡಿ, ಆಮೇಲೆ ಬೈಕುಗಳಿಗೆ ಹಗಲು ದೀಪವನ್ನು ಕಡ್ಡಾಯ ಮಾಡಿತು. ಸೆರೆಂಬಾನ್ ಮತ್ತು ಶಾ ಆಲಂ ಎಂಬ ಎರಡು ಊರುಗಳ ಅಂಕಿ ಅಂಶಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಬೈಕು ಕಣ್ಣಿಗೆ ಬೀಳದ ಕಾರಣಕ್ಕೆ ಆಗುವಂಥ ಅಪಘಾತಗಳು ಸುಮಾರು ನೂರಕ್ಕೆ 29ರಷ್ಟು ಕಡಿಮೆಯಾಗಿದ್ದವು. ಚಳಿ ದೇಶದ ಮಬ್ಬಿಗೆ ಮಾತ್ರ ಈ ದೀಪ ಬೇಕು, ನಮ್ಮ ಬಿಸಿಲಿಗೆ ಬೇಡ ಎನ್ನುವವರು ಮಲೇಷ್ಯಾವನ್ನು ನೋಡಬೇಕು.

ಈಗ ನಮ್ಮೂರಿನ ರಸ್ತೆಗಳಿಗೆ ಬರೋಣ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ವರೆಗೆ ನಮ್ಮ ಹಗಲು ಹಗಲಾಗಿರುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೇ ಮನೆಯೊಳಗೆ ಲೈಟು ಹಾಕಬೇಕಾಗುವ ದಿನಗಳನ್ನು ನಾವೆಲ್ಲ ಕಂಡಿದ್ದೇವೆ. ಬಸ್ಸು, ಲಾರಿಗಳು ಎಬ್ಬಿಸುವ ನೀರಿನ ತುಂತುರು ಹೆದ್ದಾರಿಯ ಮೇಲೆ ಮಂಜಿನ ಹಾಗೆ ನಿಂತಿರುತ್ತದೆ. ಅದರ ನಡುವೆ ಕಪ್ಪು ರೈನ್‌ಕೋಟ್ ತೊಟ್ಟು, ಕಪ್ಪು ಬೈಕಿನಲ್ಲಿ, ಕಪ್ಪು ಡಾಂಬರಿನ ಮೇಲೆ ಬರುವವರನ್ನು ಗುರುತಿಸುವುದು ಹೇಗೆ? ವೈಪರ್ ಆಡುತ್ತಿರುವ ಗಾಜಿನ ಹಿಂದೆ ಕುಳಿತ ಚಾಲಕರಿಗೆ ಮೊದಲು ಕಾಣುವುದು ದೀಪ, ಆಮೇಲೆ ಮನುಷ್ಯ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಗಾಳಿ ಮಳೆ ಒಟ್ಟಿಗೆ ಬಂದಾಗ ಅಲ್ಲಿ ಆಕಾಶ, ನೀರು, ರಸ್ತೆ ಎಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗುತ್ತವೆ.

ಬೇಸಿಗೆಯಲ್ಲಿ ತೊಂದರೆ ಬೇರೆ ರೀತಿಯದು. ಹೆದ್ದಾರಿ ತೆಂಕು ಬಡಗಾಗಿ ಹೋಗುತ್ತದೆ. ಆದರೆ ಕಡಲ ಬದಿಯಿಂದ ಘಟ್ಟದ ಕಡೆಗೆ ಹೋಗುವ ನಮ್ಮ ರಸ್ತೆಗಳು, ಹೆಮ್ಮಾಡಿಯಿಂದ ವಂಡ್ಸೆ ಮೂಲಕ ಕೊಲ್ಲೂರಿಗೆ, ಕುಂದಾಪುರದಿಂದ ಹಾಲಾಡಿ, ಸಿದ್ದಾಪುರಕ್ಕೆ, ಬ್ರಹ್ಮಾವರದಿಂದ ಹೆಬ್ರಿಗೆ, ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ ಸಾಗುತ್ತವೆ. ಸಂಜೆ ಐದರ ಮೇಲೆ ಪೇಟೆಯ ಕಡೆ ಬರುವ ಚಾಲಕರಿಗೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಆಗ ಎದುರಿನಿಂದ ಬರುವ ಬೈಕಿನ ಮುಖದ ಮೇಲೆ ಬಿಸಿಲಿಲ್ಲ, ನೆರಳು ಇದೆ. ಅದು ಬೆಳಕಿನ ನಡುವೆ ಒಂದು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಬೆಳಿಗ್ಗೆ ಘಟ್ಟದ ಕಡೆಗೆ ಹೋಗುವವರಿಗೂ ಇದೇ ತೊಂದರೆ. ಎರಡೂ ಬದಿಯಲ್ಲಿ ಹಾಡಿ, ಅಕೇಶಿಯ, ಗೇರು ತೋಟ ಇರುವ ಕಡೆ ರಸ್ತೆಯ ಮೇಲೆ ಬಿಸಿಲು ನೆರಳು ಪಟ್ಟೆ ಪಟ್ಟೆಯಾಗಿ ಬಿದ್ದಿರುತ್ತದೆ. ಕಣ್ಣು ಒಂದಕ್ಕೆ ಹೊಂದಿಕೊಳ್ಳುವುದರೊಳಗೆ ಇನ್ನೊಂದು ಬಂದುಬಿಡುತ್ತದೆ. ಅಂಥ ಕಡೆ ನೆರಳಿನೊಳಗಿಂದ ಹೊರಬರುವ ಬೈಕಿನ ದೀಪ ಬೈಕಿಗಿಂತ ಮೊದಲೇ ಕಣ್ಣಿಗೆ ಬೀಳುತ್ತದೆ. ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವವರಿಗಂತೂ ಮಳೆಗಾಲದ ಮಂಜಿನಲ್ಲಿ ದೀಪವೇ ಆಧಾರ.

ಬೆಳಗಿನ ಜಾವದ ಮಾತನ್ನೂ ಹೇಳಬೇಕು. ನಮ್ಮ ಕಡೆ ಆಗ ರಸ್ತೆಗಿಳಿಯುವ ಬೈಕುಗಳು ಎಷ್ಟು! ಡೈರಿಗೆ ಹಾಲು ಒಯ್ಯುವವರು, ಪೇಪರ್ ಹಾಕುವ ಹುಡುಗರು, ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಗಂಗೊಳ್ಳಿ ಬಂದರಿನಿಂದ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಒಳನಾಡಿಗೆ ಹೊರಡುವವರು. ಮಾರಣಕಟ್ಟೆ, ಮಂದಾರ್ತಿ, ಸಾಲಿಗ್ರಾಮ, ಪೆರ್ಡೂರು ಯಕ್ಷಗಾನ ಮೇಳಗಳ ತಿರುಗಾಟದ ದಿನಗಳಲ್ಲಿ ರಾತ್ರಿಯಿಡೀ ಆಟ ನೋಡಿ ನಿದ್ದೆಗಣ್ಣಿನಲ್ಲಿ ಮನೆಗೆ ಮರಳುವವರೂ ಇದೇ ಹೊತ್ತಿನಲ್ಲಿ ರಸ್ತೆಯ ಮೇಲಿರುತ್ತಾರೆ. ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರದಿಂದ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನ ತನಕ ಎಲ್ಲ ವಾಹನಗಳೂ ದೀಪ ಹಾಕಬೇಕು ಎಂಬುದು ಹಳೆಯ ನಿಯಮ. ಆದರೆ ಆ ಅರ್ಧ ಗಂಟೆಯ ಮಬ್ಬೇ ಎಲ್ಲಕ್ಕಿಂತ ಅಪಾಯದ್ದು. ಪೂರ್ತಿ ಕತ್ತಲಿದ್ದರೆ ಎಲ್ಲರೂ ಎಚ್ಚರ ಇರುತ್ತಾರೆ. ಅರೆಬೆಳಕಿನಲ್ಲಿ ಎಲ್ಲವೂ ಕಾಣುತ್ತಿದೆ ಎಂಬ ಭ್ರಮೆ ಇರುತ್ತದೆ. ಇಂಜಿನ್ ಜೊತೆಗೇ ಹೊತ್ತುವ ದೀಪ ಆ ಭ್ರಮೆಗೆ ಅವಕಾಶ ಕೊಡುವುದಿಲ್ಲ.

ಇಷ್ಟಾದರೂ ಈ ದೀಪದ ಬಗ್ಗೆ ಜನರಲ್ಲಿ ಕೆಲವು ಸಂಶಯಗಳಿವೆ. ಬ್ಯಾಟರಿ ಹಾಳಾಗುವುದಿಲ್ಲವೇ ಎಂದು ಕೇಳುತ್ತಾರೆ. ಇಂಜಿನ್ ಓಡುವಾಗ ಬೈಕು ತನಗೆ ಬೇಕಾದ ವಿದ್ಯುತ್ತನ್ನು ತಾನೇ ತಯಾರಿಸುತ್ತದೆ, ದೀಪ ಉರಿಯುವುದು ಆ ವಿದ್ಯುತ್ತಿನಿಂದ. ಇಂಜಿನ್ ನಿಂತರೆ ದೀಪವೂ ಆರುತ್ತದೆ. ಈ ನಿಯಮದ ನಂತರ ಬಂದ ಬೈಕುಗಳನ್ನು ದೀಪ ಸದಾ ಉರಿಯುತ್ತದೆ ಎಂಬ ಲೆಕ್ಕದಲ್ಲೇ ತಯಾರಿಸಿದ್ದಾರೆ. ಮೈಲೇಜ್ ಕಡಿಮೆಯಾಗುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಸಾಮಾನ್ಯ ಬೈಕಿನ ಹ್ಯಾಲೊಜನ್ ಬಲ್ಬ್ 35 ವಾಟಿನದು. ಎಲ್‌ಇಡಿ ಆದರೆ ಅದಕ್ಕಿಂತಲೂ ಕಡಿಮೆ ಸಾಕು. ಇಬ್ಬರನ್ನು ಹೊತ್ತು ಓಡುವ ಬೈಕಿಗೆ ಸಾವಿರಾರು ವಾಟುಗಳ ಶಕ್ತಿ ಬೇಕು. ಅದರ ಎದುರು ಈ ದೀಪದ ಪಾಲು ತೀರ ಚಿಕ್ಕದು. ಬಲ್ಬ್ ಬೇಗ ಹೋಗಬಹುದು, ಅದು ನಿಜ. ಆದರೆ ಒಂದು ಬಲ್ಬಿನ ಬೆಲೆಯನ್ನು ಆಸ್ಪತ್ರೆಯ ಒಂದು ದಿನದ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿದರೆ ಮತ್ತೆ ಮಾತಿರುವುದಿಲ್ಲ.

ಇಲ್ಲಿ ಒಂದು ಬೇಸರದ ಸಂಗತಿ ಇದೆ. ಕೆಲವರು ಗ್ಯಾರೇಜಿಗೆ ಹೋಗಿ, ಈ ದೀಪ ಆರಿಸಲಿಕ್ಕೆಂದೇ ಒಂದು ಸ್ವಿಚ್ ಹಾಕಿಸಿಕೊಳ್ಳುತ್ತಾರೆ. ಯಾರೋ ಕೈಸನ್ನೆ ಮಾಡುತ್ತಾರೆ ಎಂಬ ಕಿರಿಕಿರಿಗೆ, ಬ್ಯಾಟರಿ ಉಳಿಯುತ್ತದೆ ಎಂಬ ತಪ್ಪು ನಂಬಿಕೆಗೆ ತಮ್ಮ ರಕ್ಷಣೆಯನ್ನೇ ಕಿತ್ತುಹಾಕಿಕೊಳ್ಳುತ್ತಾರೆ. ಇದು ಕಾನೂನಿಗೂ ವಿರುದ್ಧ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಾಹನವನ್ನು ನಮ್ಮಿಷ್ಟದಂತೆ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ನಿಯಮಕ್ಕೆ ವಿರುದ್ಧವಾಗಿ ಮಾಡಿದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಇದೆ. ದಂಡದ ಹೆದರಿಕೆಗಿಂತ ದೊಡ್ಡದು ಜೀವದ ಪ್ರಶ್ನೆ. ಗ್ಯಾರೇಜು ನಡೆಸುವ ಅಣ್ಣಂದಿರಲ್ಲಿ ನನ್ನದೊಂದು ವಿನಂತಿ: ಅಂಥ ಸ್ವಿಚ್ ಹಾಕಿಕೊಡಿ ಎಂದು ಯಾರಾದರೂ ಬಂದರೆ ದಯವಿಟ್ಟು ಒಪ್ಪಬೇಡಿ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಅವರನ್ನು ಕೂರಿಸಿಕೊಂಡು ತಿಳಿಸಿ. ಗಿರಾಕಿಗಳು ನಿಮ್ಮ ಮಾತಿಗೆ ಕಿವಿಗೊಡುತ್ತಾರೆ.

ದೀಪ ಉರಿಯಬೇಕು ಎಂದರೆ ಹೇಗೆ ಬೇಕಾದರೂ ಉರಿಯಲಿ ಎಂದು ಅರ್ಥವಲ್ಲ. ಹಗಲಾಗಲಿ ರಾತ್ರಿಯಾಗಲಿ, ಎದುರಿಗೆ ವಾಹನ ಇರುವಾಗ ಡಿಮ್ ಲೈಟೇ ಇರಬೇಕು. ಬ್ರೈಟ್ ಹಾಕಿಕೊಂಡು ಹೋದರೆ ಎದುರಿನವರ ಕಣ್ಣು ಕತ್ತಲೆಗಟ್ಟುತ್ತದೆ. ಕಣ್ಣು ಕತ್ತಲೆಗಟ್ಟಿದವರಿಗೆ ನಾವೂ ಕಾಣುವುದಿಲ್ಲ, ನಮ್ಮ ಪಕ್ಕದಲ್ಲಿ ನಡೆದುಹೋಗುವ ಶಾಲೆಯ ಮಕ್ಕಳೂ ಕಾಣುವುದಿಲ್ಲ. ಹೊರಗಿನಿಂದ ತಂದು ಜೋಡಿಸುವ ಬಿಳಿ ಎಲ್‌ಇಡಿಗಳು, ನೀಲಿ ದೀಪಗಳು, ಮಿಣಮಿಣ ಹೊಡೆದುಕೊಳ್ಳುವ ದೀಪಗಳು ಇನ್ನೂ ಕೆಟ್ಟವು. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಇಂಥ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕೇಸು ಹಾಕಿದ್ದು ಇದೇ ಕಾರಣಕ್ಕೆ.

ನಿಮ್ಮ ದೀಪ ಸರಿಯಾಗಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಸಂಜೆ ಹೊತ್ತು ಸಮತಟ್ಟಾದ ಅಂಗಳದಲ್ಲಿ, ಗೋಡೆಗೆ ಎದುರಾಗಿ, ನಾಲ್ಕೈದು ಮೀಟರ್ ದೂರದಲ್ಲಿ ಬೈಕನ್ನು ನೇರ ನಿಲ್ಲಿಸಿ. ಒಬ್ಬರು ಬೈಕಿನ ಮೇಲೆ ಕುಳಿತುಕೊಳ್ಳಲಿ, ಯಾಕೆಂದರೆ ಭಾರ ಬಿದ್ದಾಗ ಹಿಂದಿನ ಭಾಗ ತಗ್ಗಿ ದೀಪ ಮೇಲಕ್ಕೆ ನೋಡುತ್ತದೆ. ಡಿಮ್ ಹಾಕಿದಾಗ ಗೋಡೆಯ ಮೇಲೆ ಬೀಳುವ ಬೆಳಕಿನ ದಟ್ಟ ಭಾಗ ದೀಪದ ಎತ್ತರಕ್ಕಿಂತ ಸ್ವಲ್ಪ ಕೆಳಗಿರಬೇಕು. ಮೇಲಿದ್ದರೆ ಮೆಕ್ಯಾನಿಕ್ ಹತ್ತಿರ ಹೇಳಿ ಇಳಿಸಿಕೊಳ್ಳಿ. ಐದು ನಿಮಿಷದ ಕೆಲಸ ಅದು. ಇನ್ನೊಂದು ಅಭ್ಯಾಸ ಮಳೆಗಾಲಕ್ಕೆ ಬೇಕು. ನಮ್ಮ ಕೆಂಪು ಮಣ್ಣಿನ ಕೆಸರು ದೀಪದ ಗಾಜಿನ ಮೇಲೆ ಪದರ ಪದರವಾಗಿ ಕೂತುಬಿಡುತ್ತದೆ. ಉರಿಯುವ ದೀಪವೂ ಅದರ ಹಿಂದೆ ಮಂಕಾಗುತ್ತದೆ. ಬೆಳಿಗ್ಗೆ ಸೀಟು ಒರೆಸುವ ಬಟ್ಟೆಯಲ್ಲೇ ಮುಂದಿನ ದೀಪವನ್ನೂ ಹಿಂದಿನ ಕೆಂಪು ದೀಪವನ್ನೂ ಒಮ್ಮೆ ಒರೆಸಿ. ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಹೋಲ್ಡರು, ವಯರುಗಳ ತುದಿ ಬೇಗ ತುಕ್ಕು ಹಿಡಿಯುತ್ತವೆ. ಸರ್ವೀಸಿಗೆ ಕೊಟ್ಟಾಗ ಅದನ್ನೂ ನೋಡಿಸಿ.

ಹಳೆಯ ಬೈಕು, ಸ್ಕೂಟರ್ ಇರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. 2017ಕ್ಕಿಂತ ಮೊದಲು ತಯಾರಾದ ವಾಹನಗಳಿಗೆ ತಾನಾಗಿ ಹೊತ್ತುವ ದೀಪ ಹಾಕಿಸಿ ಎಂದು ಯಾರೂ ಹೇಳಿಲ್ಲ. ಆದರೆ ಅವುಗಳಲ್ಲಿ ಸ್ವಿಚ್ ಇದೆಯಲ್ಲ! ಹೆಲ್ಮೆಟ್ ಹಾಕಿ, ಸ್ಟ್ಯಾಂಡ್ ತೆಗೆದು, ಇಂಜಿನ್ ಚಾಲೂ ಮಾಡಿದ ಮೇಲೆ ಹೆಬ್ಬೆರಳಿನಿಂದ ಆ ಸ್ವಿಚ್ ಒತ್ತಿದರೆ ಮುಗಿಯಿತು. ನಮ್ಮ ಹಳ್ಳಿಗಳಲ್ಲಿ ಇಪ್ಪತ್ತು ವರ್ಷದ ಬೈಕನ್ನೂ ಜೋಪಾನವಾಗಿ ಇಟ್ಟುಕೊಂಡ ಹಿರಿಯರು ಬಹಳ ಜನ ಇದ್ದಾರೆ. ಅವರ ಮನೆಯ ಮಕ್ಕಳು, ಮೊಮ್ಮಕ್ಕಳು, "ಅಪ್ಪಯ್ಯ, ಲೈಟ್ ಹಾಕಿ ಹೋಯ್ನಿ" ಎಂದು ಹೊರಡುವಾಗ ಒಂದು ಮಾತು ನೆನಪಿಸಿದರೆ ಸಾಕು. ಎಲೆಕ್ಟ್ರಿಕ್ ಸ್ಕೂಟರುಗಳಿಗೂ ಇದೇ ಮಾತು. ಅವುಗಳಿಗೆ ಸದ್ದೂ ಇಲ್ಲ. ಕಿವಿಗೆ ಕೇಳದ ವಾಹನ ಕಣ್ಣಿಗಾದರೂ ಕಾಣಬೇಕು.

ಈ ದೀಪಕ್ಕೆ ಅದರದೇ ಮಿತಿಗಳಿವೆ, ಅದನ್ನೂ ಮುಚ್ಚಿಡಬಾರದು. ದೀಪ ಉರಿಯುತ್ತಿದೆ ಎಂದು ಸರ್ವಿಸ್ ರಸ್ತೆಯಲ್ಲಿ, ಹೆದ್ದಾರಿಯಲ್ಲಿ ವಿರುದ್ಧ ದಿಕ್ಕಿಗೆ ಹೋದರೆ ಯಾವ ದೀಪವೂ ಕಾಯುವುದಿಲ್ಲ. ಅರ್ಧ ಕಿಲೋಮೀಟರ್ ಮುಂದೆ ಹೋಗಿ ತಿರುಗಿ ಬರುವ ಬೇಸರಕ್ಕೆ ಜೀವ ಪಣಕ್ಕಿಡುವುದು ನಮ್ಮ ಊರುಗಳಲ್ಲಿ ಈಗ ದಿನನಿತ್ಯದ ರೂಢಿಯಾಗಿದೆ. ಅದು ನಿಲ್ಲಬೇಕು. ದೀಪ ಇದ್ದರೂ ಹೆಲ್ಮೆಟ್ ಬೇಕು, ಹಿಂದೆ ಕುಳಿತವರಿಗೂ ಬೇಕು. ಈಗ ಕಾರುಗಳಲ್ಲೂ ಹಗಲು ದೀಪಗಳು ಬಂದಿವೆ. ಎಲ್ಲರ ಮುಂದೂ ಬೆಳಕಿರುವಾಗ ಬೈಕಿನ ಒಂಟಿ ದೀಪ ಆ ಗುಂಪಿನಲ್ಲಿ ಕಳೆದುಹೋಗಬಹುದು ಎಂಬ ಆತಂಕವನ್ನು ಸಂಶೋಧಕರು ಹೇಳುತ್ತಲೇ ಬಂದಿದ್ದಾರೆ. ಆದ್ದರಿಂದ ದೀಪದ ಜೊತೆಗೆ ತಿಳಿ ಬಣ್ಣದ ಹೆಲ್ಮೆಟ್, ಹಳದಿಯೋ ಕಿತ್ತಳೆಯೋ ಆದ ರೈನ್‌ಕೋಟ್ ಇದ್ದರೆ ಒಳ್ಳೆಯದು.

ದೊಡ್ಡ ಜವಾಬ್ದಾರಿ ಸ್ಟೇರಿಂಗ್ ಹಿಡಿದವರದ್ದು. ಎಕ್ಸ್‌ಪ್ರೆಸ್ ಬಸ್ಸು ಬಿಡುವವರು, ಟೆಂಪೋ, ರಿಕ್ಷಾ, ಕಾರು ಬಿಡುವವರು ಡಿವೈಡರ್ ದಾಟುವ ಮೊದಲು, ಅಡ್ಡರಸ್ತೆಯಿಂದ ಹೆದ್ದಾರಿಗೆ ಇಳಿಯುವ ಮೊದಲು ಎರಡು ಸಲ ನೋಡಬೇಕು. ಮೊದಲ ಸಲ ದೊಡ್ಡ ವಾಹನಗಳು ಕಾಣುತ್ತವೆ. ಎರಡನೆಯ ಸಲ ಬೈಕಿನ ದೀಪವನ್ನೇ ಹುಡುಕಬೇಕು, ಮುಂಗಾಜಿನ ಕಂಬದ ಆಚೆ ಈಚೆ ತಲೆ ಸ್ವಲ್ಪ ಬಗ್ಗಿಸಿ ನೋಡಬೇಕು. ಒಂಟಿ ದೀಪ ಕಂಡಿತೋ, ಅದು ದೂರ ಇದೆ ಎಂದು ನಂಬದೆ ಅದನ್ನು ಮುಂದೆ ಹೋಗಲು ಬಿಡಬೇಕು. ದೀಪ ಹಚ್ಚಿಕೊಂಡು ಬಂದವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ನೋಡುವ ಕೆಲಸ ಉಳಿದವರದು.

ಕೇಳುಗರೇ, ಕಾಲೇಜಿಗೆ ಹೋಗುವ ಮಗಳು, ಗೇರುಬೀಜದ ಕಾರ್ಖಾನೆಗೆ ಹೋಗುವ ತಂಗಿ, ಬಂದರಿಗೆ ಹೋಗುವ ಅಣ್ಣ, ಪೇಟೆಗೆ ಹೋಗುವ ಅಪ್ಪಯ್ಯ, ಇವರೆಲ್ಲ ಇವತ್ತು ದ್ವಿಚಕ್ರ ವಾಹನವನ್ನೇ ನಂಬಿದ್ದಾರೆ. ಅವರು ಸಂಜೆ ಮನೆಗೆ ಮರಳಬೇಕಾದರೆ ರಸ್ತೆಯಲ್ಲಿ ಎಲ್ಲರಿಗೂ ಅವರು ಕಾಣಬೇಕು. ನಾಳೆಯಿಂದ ಹಗಲಲ್ಲಿ ಉರಿಯುವ ದೀಪ ಕಂಡರೆ ಆರಿಸಿ ಎಂದು ಕೈಸನ್ನೆ ಮಾಡಬೇಡಿ. ಹಳೆಯ ಬೈಕಿನವರಿಗೆ ಹಚ್ಚಿಕೊಳ್ಳಿ ಎಂದು ಹೇಳಿ. ಹೊಸ ಬೈಕಿನವರಿಗೆ ಆರಿಸುವ ಸ್ವಿಚ್ ಹಾಕಿಸಬೇಡಿ ಎಂದು ಹೇಳಿ. ಡಿಮ್‌ನಲ್ಲೇ ಇರಲಿ, ಗಾಜು ಚೊಕ್ಕಟವಾಗಿರಲಿ, ಇಂಜಿನ್ ಓಡುವಷ್ಟು ಹೊತ್ತೂ ದೀಪ ಉರಿಯುತ್ತಿರಲಿ.